ಹಾಡು ಬಾಯಲ್ಲಿದೆ, ಹೆಸರು ಎಲ್ಲಿದೆ?

ಕತ್ತಲಗೆರೆಯಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಸ್ಕೊಳ್ಳಿ, ಈ ಸೆಕೆಗೆ ಅದನ್ನ ಆಫ್ ಮಾಡಿ ರೆಕಾರ್ಡ್ ಮಾಡೋ ಶಕ್ತಿ ನನಗಿಲ್ಲ.

"ಬ್ರೋ, ಅನಿಮೆ ಹಾಡುಗಳ ಇತಿಹಾಸದ ಬಗ್ಗೆ ಒಂದು ಕಂತು ಮಾಡಿ" ಅಂತ ಕೇಳುಗರೊಬ್ಬರು ಮೆಸೇಜ್ ಹಾಕಿದ್ರು. ಸರಿ ಅಂತ ಓದೋಕೆ ಕೂತೆ. ಟೋಕಿಯೋದಿಂದ ಹೊರಟವನು ಆಗುಂಬೆ, ಶಿವಮೊಗ್ಗ ಸುತ್ತಿಕೊಂಡು ನಮ್ಮದೇ ತಾಲ್ಲೂಕಿನ ಹೊದಿಗೆರೆಗೆ ಬಂದು ನಿಂತೆ. ಆ ದಾರಿಯಲ್ಲೇ ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ.

ಇಚಿರೋ ಮಿಝುಕಿ ಅಂತ ಜಪಾನಿನ ಗಾಯಕ. ಹುಟ್ಟಿದ್ದು 1948ರಲ್ಲಿ. 1968ರಲ್ಲಿ ಎಲ್ಲರ ಹಾಗೆ ಪಾಪ್ ಗಾಯಕನಾಗಿ ಮೊದಲ ರೆಕಾರ್ಡ್ ತಂದರು, ಅದು ಹೇಳಿಕೊಳ್ಳುವ ಹಾಗೆ ಓಡಲಿಲ್ಲ. ಆಮೇಲೆ ಮಕ್ಕಳ ಕಾರ್ಟೂನ್ ಸರಣಿಗಳಿಗೆ ಟೈಟಲ್ ಹಾಡು ಹಾಡೋ ಅವಕಾಶ ಬಂತು. ಆ ಕಾಲಕ್ಕೆ ಅದೇನೂ ದೊಡ್ಡ ಮರ್ಯಾದೆಯ ಕೆಲಸ ಅಲ್ಲ. ರೆಕಾರ್ಡಿನ ಕವರ್ ಮೇಲೆ ರೋಬೋಟಿನ ಚಿತ್ರ ಇರ್ತಿತ್ತು, ಹಾಡಿದವನ ಮುಖ ಇರ್ತಿರಲಿಲ್ಲ. 1972ರಲ್ಲಿ 'ಮಾಝಿಂಗರ್ ಝಡ್' ಅನ್ನೋ ರೋಬೋಟ್ ಸರಣಿ ಬಂತು, ಅದರ ಟೈಟಲ್ ಹಾಡು ಇವರದ್ದು. ಅಲ್ಲಿಂದ ಮುಂದೆ ಅವರ ಇಡೀ ಜೀವನ ಆ ಹಾಡುಗಳೇ. ಅಭಿಮಾನಿಗಳು ಅವರನ್ನ ಕರೀತಿದ್ದದ್ದು 'ಅನಿಕಿ' ಅಂತ. ಅಂದ್ರೆ ಅಣ್ಣ. ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಅಣ್ಣಾವ್ರು ಅಂದ್ರೆ ಯಾರು ಅಂತ ಗೊತ್ತಿರೋ ಜನ ನಾವು.

1999ರಲ್ಲಿ ಈ ಅಣ್ಣ 24 ಗಂಟೆಯಲ್ಲಿ 1000 ಹಾಡು ಹಾಡಿದರು. ಮುಂದಿನ ವರ್ಷ ಇದೇ ಥರದ ಗಾಯಕರನ್ನ ಸೇರಿಸ್ಕೊಂಡು 'ಜಾಮ್ ಪ್ರಾಜೆಕ್ಟ್' ಅನ್ನೋ ತಂಡ ಕಟ್ಟಿದರು. ಅದರಲ್ಲಿದ್ದ ಹಿರೋನೊಬು ಕಾಗೆಯಾಮಾ ಹೆಸರು ಕೇಳಿರದಿದ್ರೂ 1989ರ 'ಡ್ರ್ಯಾಗನ್ ಬಾಲ್ ಝಡ್' ಟೈಟಲ್ ಹಾಡಿದ ದನಿಯನ್ನ ನಿಮ್ಮಲ್ಲಿ ಕೆಲವರಾದ್ರೂ ಕೇಳಿರ್ತೀರಿ. ಕ್ಯಾನ್ಸರ್ ಆದ ಮೇಲೂ ಮಿಝುಕಿ ಗಾಲಿಕುರ್ಚಿಯಲ್ಲಿ ವೇದಿಕೆಗೆ ಬಂದರು. 2022ರ ಡಿಸೆಂಬರ್ 6ಕ್ಕೆ ಹೋಗಿಬಿಟ್ಟರು. ಜಪಾನಿನ ಟೀವಿಗಳಲ್ಲಿ ಅದು ದೊಡ್ಡ ಸುದ್ದಿ.

ಇದು ಹೇಗೆ ಸಾಧ್ಯ ಆಯ್ತು? ಪ್ರತಿಭೆ ಇತ್ತು, ಒಪ್ಪೋಣ. ಆದ್ರೆ ನಾನು ಬಿ.ಕಾಂ ಓದಿದವನು, ನನ್ನ ಕಣ್ಣು ಲೆಕ್ಕದ ಪುಸ್ತಕದ ಕಡೆ ಹೋಗುತ್ತೆ. ಜಪಾನಿನಲ್ಲಿ ಒಂದು ಅನಿಮೆ ಸರಣಿಗೆ ಸಾಮಾನ್ಯವಾಗಿ ನಾಲ್ಕಾರು ಕಂಪನಿಗಳು ಸೇರಿ ದುಡ್ಡು ಹಾಕ್ತವೆ. ಪುಸ್ತಕ ಪ್ರಕಾಶಕರು, ಟೀವಿ ಚಾನೆಲ್, ಆಟಿಕೆ ಕಂಪನಿ, ಜೊತೆಗೆ ಎಷ್ಟೋ ಸಲ ಒಂದು ರೆಕಾರ್ಡ್ ಕಂಪನಿ. ರೆಕಾರ್ಡ್ ಕಂಪನಿಗೆ ಸಿಗೋದು ಶುರುವಿನ ಆ 90 ಸೆಕೆಂಡ್. ಅಲ್ಲಿ ತಮ್ಮ ಗಾಯಕರನ್ನ ಕೂರಿಸ್ತಾರೆ, ಹಾಡು ಮಾರ್ತಾರೆ. ಇದಕ್ಕೆ ಅವರಿಟ್ಟ ಹೆಸರು 'ಟೈ-ಅಪ್'. ಗಾಯಕರ ಹೆಸರು ಜನರಿಗೆ ಗೊತ್ತಾಗದಿದ್ರೆ ಆ ಕಂಪನಿಗೇ ನಷ್ಟ. ಹಾಗಾಗಿ ಹಾಡಿನ ಶೀರ್ಷಿಕೆ, ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲರ ಹೆಸರೂ ಪರದೆ ಮೇಲೆ ಬರುತ್ತೆ. ಲೀಸಾ ಅನ್ನೋ ಗಾಯಕಿ 2019ರಲ್ಲಿ 'ಡೀಮನ್ ಸ್ಲೇಯರ್' ಸರಣಿಯ ಟೈಟಲ್ ಹಾಡಿದರು. ಅದೇ ವರ್ಷದ ಕೊನೆಗೆ, ಜಪಾನಿನ ಮನೆಮನೆಯಲ್ಲೂ ನೋಡೋ ಎನ್‌ಎಚ್‌ಕೆ ಹೊಸವರ್ಷದ ಮುನ್ನಾದಿನದ ಕಾರ್ಯಕ್ರಮದಲ್ಲಿ ನಿಂತು ಹಾಡಿದರು. 2020ರಲ್ಲಿ ಅದೇ ಕಥೆಯ ಸಿನಿಮಾ ಹಾಡಿಗೆ ಜಪಾನ್ ರೆಕಾರ್ಡ್ ಪ್ರಶಸ್ತಿ. ಅಲ್ಲಿ ಟೈಟಲ್ ಹಾಡು ಖರ್ಚಿನ ಬಾಬ್ತು ಅಲ್ಲ, ಬಂಡವಾಳ.

ಈಗ ನಮ್ಮ ಕಡೆ ಬರೋಣ.

ನನ್ನ ವಯಸ್ಸಿನವರು ಕಾರ್ಟೂನ್ ನೋಡಿದ್ದು ಹಿಂದಿಯಲ್ಲಿ. ಡೋರೇಮಾನ್ ಹಿಂದಿ, ಶಿನ್‌ಚಾನ್ ಹಿಂದಿ, ಪೋಕೆಮಾನ್ ಹಿಂದಿ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅನ್ನೋ ಕಟ್ಟುಪಾಡು ಹಳೇದು. ಮಕ್ಕಳಿಗಂತ ಚಿಂಟು ಟೀವಿ ಬಂದದ್ದು 2009ರಲ್ಲಿ, ಅಷ್ಟೊತ್ತಿಗೆ ನಾವು ಹೈಸ್ಕೂಲ್ ಹತ್ರ ಬಂದಿದ್ವಿ. ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗ ಹೇಳೋಕೆ 2015 ಆಯ್ತು. ಹಾಗಾಗಿ ನಮ್ಮ ಬಾಯಲ್ಲಿ ಕೂತ ಕಾರ್ಟೂನ್ ಹಾಡುಗಳಿಗೆ ಕನ್ನಡದ ಪದವೇ ಇಲ್ಲ. ಕನ್ನಡದಲ್ಲಿ ನಮಗೆ ಸಿಕ್ಕ ಟೈಟಲ್ ಹಾಡುಗಳು ಅಮ್ಮಂದಿರು ನೋಡ್ತಿದ್ದ ಧಾರಾವಾಹಿಗಳದ್ದು. ಹೋಂವರ್ಕ್ ಮಾಡ್ತಾ ಪಕ್ಕದ ರೂಮಿನಿಂದ ಕೇಳಿಸ್ಕೊಂಡದ್ದು.

ಅದಕ್ಕಿಂತ ಹಿಂದಿನದ್ದು 'ಮಾಲ್ಗುಡಿ ಡೇಸ್'. ಪದಗಳೇ ಇಲ್ಲದ, ಬರೀ ಗುನುಗೋ ಟೈಟಲ್. 1986ರಲ್ಲಿ ಶಂಕರ್ ನಾಗ್ ಇದನ್ನ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಆಗ ನಮ್ಮ ಚನ್ನಗಿರಿಯೂ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಒಂದು ಲೆಕ್ಕದಲ್ಲಿ ಅದು ನಮ್ಮ ಜಿಲ್ಲೆಯ ಹಾಡು ಅಂತ ನಾನು ಹಕ್ಕು ಸಾಧಿಸ್ತೀನಿ. ನೆಲ ನಮ್ಮದು, ನಟರಲ್ಲಿ ಎಷ್ಟೋ ಜನ ಕನ್ನಡದವರು, ಮಾತು ಹಿಂದಿ, ಟೈಟಲಿಗೆ ಭಾಷೆಯೇ ಇಲ್ಲ. ಬಹುಶಃ ಅದಕ್ಕೇ ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಎಲ್ಲರಿಗೂ ಅದು ತಮ್ಮದೇ ಅನಿಸ್ತು. ಅರಸಾಳು ರೈಲ್ವೆ ಸ್ಟೇಷನ್‌ನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಅಲ್ಲಿಗೆ ಹೋದವರೆಲ್ಲ ರೀಲ್ಸ್ ಮಾಡಿ ಆ ಟ್ಯೂನ್ ಹಾಕ್ತಾರೆ. ರಾಗ ಹಾಕಿದವರು ಯಾರು ಅಂತ ಹತ್ತು ಜನರನ್ನ ಕೇಳಿ ನೋಡಿ. ಎಲ್. ವೈದ್ಯನಾಥನ್. ಮಾತೇ ಇಲ್ಲದ 'ಪುಷ್ಪಕ ವಿಮಾನ' ಸಿನಿಮಾಗೆ ಸಂಗೀತ ಕೊಟ್ಟವರೂ ಅವರೇ. ಪದ ಇಲ್ಲದ ಕಡೆ ಕೆಲಸ ಮಾಡೋದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತೆ.

ಒಂದೇ ಟೈಟಲ್ ಹಾಡಿನಿಂದ ದೇಶಕ್ಕೆಲ್ಲ ಹೆಸರಾದ ಗಾಯಕ ನಮ್ಮ ಕಡೆ ಇಲ್ಲವಾ ಅಂದ್ರೆ, ಇದ್ದಾರೆ. ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ವಕೀಲರು. 'ಕಾಡು ಕುದುರೆ' ಸಿನಿಮಾ ಮಾಡಿದ ಚಂದ್ರಶೇಖರ ಕಂಬಾರರು ಹಾಡನ್ನೂ ತಾವೇ ಬರೆದು, ರಾಗವನ್ನೂ ತಾವೇ ಹಾಕಿ ಇವರ ಕೈಲಿ ಹಾಡಿಸಿದರು. ಸಿನಿಮಾದ ಹೆಸರು ಹಾಡಿನೊಳಗೇ ಇದೆ. 26ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಗಾಯಕ ಅಂತ ಸುಬ್ಬಣ್ಣ ಆಯ್ಕೆಯಾದರು. ಅದಕ್ಕೂ ಮುಂಚೆ ಕನ್ನಡ ಸಿನಿಮಾಗೆ ಈ ಪ್ರಶಸ್ತಿ ಬಂದಿತ್ತು, 1975ರ 'ಹಂಸಗೀತೆ'ಗೆ. ಆದ್ರೆ ಅದು ಬಾಲಮುರಳಿಕೃಷ್ಣ ಅವರಿಗೆ. ಕನ್ನಡಿಗ ಗಾಯಕನಿಗೆ ಅಂತ ಬಂದದ್ದು ಸುಬ್ಬಣ್ಣನವರಿಗೇ ಮೊದಲು.

ಆಮೇಲೆ ಏನಾಯ್ತು? ಜಪಾನ್ ಆಗಿದ್ರೆ ಇಂಥ ದನಿಯನ್ನ ಯಾವುದೋ ಕಂಪನಿ ಹಿಡ್ಕೊಂಡು ವರ್ಷಕ್ಕೆ ಹತ್ತು ಟೈಟಲ್ ಹಾಡಿಸ್ತಿತ್ತು. ಇಲ್ಲಿ ಅವರ ದಾರಿ ಸಿನಿಮಾ ಕಡೆ ಹೋಗಲಿಲ್ಲ, ಸುಗಮ ಸಂಗೀತದ ಕಡೆ ಹೋಯ್ತು. ಆಕಾಶವಾಣಿ, ಕ್ಯಾಸೆಟ್, ಗಣೇಶೋತ್ಸವದ ವೇದಿಕೆ, ಕುವೆಂಪು, ಬೇಂದ್ರೆ, ಶರೀಫರು. ಕನ್ನಡಕ್ಕೆ ಅದರಿಂದ ಲಾಭವೇ ಆಯ್ತು ಅಂತ ನನ್ನ ಅಭಿಪ್ರಾಯ. 2022ರ ಆಗಸ್ಟ್‌ನಲ್ಲಿ ಅವರು ತೀರ್ಕೊಂಡಾಗ ನೆನಪಿಸ್ಕೊಂಡ ಹಾಡು ಮಾತ್ರ ಅದೇ ಕುದುರೆಯದ್ದು.

ಸುಬ್ಬಣ್ಣನವರಿಗೆ ಹೆಸರಾದ್ರೂ ಉಳೀತು. ಈಗ ಹೊದಿಗೆರೆಗೆ ಬರ್ತೀನಿ.

ಹೊದಿಗೆರೆ ಅಂದ ತಕ್ಷಣ ಶಿವಾಜಿಯ ತಂದೆ ಶಹಾಜಿ ಸಮಾಧಿ ಅಂತಾರೆ. ಆದ್ರೆ ಅದೇ ಊರಲ್ಲಿ 1944ರ ಜೂನ್ 23ರಂದು ಇನ್ನೊಬ್ಬರು ಹುಟ್ಟಿದರು, ಎಚ್.ಎಸ್. ವೆಂಕಟೇಶಮೂರ್ತಿ. ಎಚ್ ಅಂದ್ರೆ ಹೊದಿಗೆರೆ. ಸುಬ್ಬಣ್ಣ ಶಿವಮೊಗ್ಗವನ್ನ ಪೂರ್ತಿ ಹೆಸರಾಗಿ ಇಟ್ಕೊಂಡರು, ಇವರು ನಮ್ಮೂರ ಕಡೆಯನ್ನ ಒಂದು ಇನಿಶಿಯಲ್‌ನಲ್ಲಿ ಇಟ್ಕೊಂಡರು. ಮಲ್ಲಾಡಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದು, ಆಮೇಲೆ ಬೆಂಗಳೂರಿಗೆ ಹೋಗಿ 1973ರಿಂದ 2000ದವರೆಗೆ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಲ್ಲಿ ಕನ್ನಡ ಪಾಠ ಮಾಡಿದರು. ಗಮನಿಸಿ, ವಾಣಿಜ್ಯ ಕಾಲೇಜು! ಡೆಬಿಟ್ ಕ್ರೆಡಿಟ್ ಓದೋ ಹುಡುಗರಿಗೆ ಸುಮಾರು ಮೂರು ದಶಕ ಕನ್ನಡ ಹೇಳಿಕೊಟ್ಟ ಕವಿ. ಅವರ ಮೊದಲ ಕವನ ಸಂಕಲನ 'ಪರಿವೃತ್ತ' ಬಂದದ್ದು 1968ರಲ್ಲಿ, ಮಿಝುಕಿಯ ಮೊದಲ ರೆಕಾರ್ಡ್ ಬಂದ ವರ್ಷವೇ.

ಇವರ ಪದಗಳು ಮನೆಮನೆಗೆ ಹೋಗೋಕೆ ಇನ್ನೊಬ್ಬರು ಬೇಕಾಯ್ತು. ಸಿ. ಅಶ್ವಥ್. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡ್ತಾನೇ ಕನ್ನಡ ಕವಿತೆಗಳಿಗೆ ರಾಗ ಹಾಕಿದ ಮನುಷ್ಯ. 1993ರಲ್ಲಿ ನಾಗಾಭರಣರ 'ಚಿನ್ನಾರಿ ಮುತ್ತ'ದಲ್ಲಿ ಇಬ್ಬರೂ ಜೊತೆಯಾದರು. ಹಾಡುಗಳನ್ನ ಬರೆದದ್ದು ಎಚ್ಚೆಸ್ವಿ, ಸಂಗೀತ ಅಶ್ವಥ್ ಅವರದ್ದು. ಮುತ್ತನಾಗಿದ್ದ ಹುಡುಗ ವಿಜಯ ರಾಘವೇಂದ್ರ ದೊಡ್ಡವನಾಗಿ ಹೀರೋ ಆದ, ಬಿಗ್ ಬಾಸ್ ಮೊದಲ ಸೀಸನ್ ಗೆದ್ದ, ಆದ್ರೂ ಜನ ಇವತ್ತಿಗೂ ಅವನನ್ನ ಚಿನ್ನಾರಿ ಮುತ್ತ ಅಂತಾರೆ. ಟೈಟಲ್ ಅಂದ್ರೆ ಹೀಗೆ ಅಂಟ್ಕೊಳ್ಳುತ್ತೆ.

ಆಮೇಲೆ 'ಮುಕ್ತ'. 2000ದ ದಶಕ, ಈಟಿವಿ ಕನ್ನಡ, ಟಿ.ಎನ್. ಸೀತಾರಾಮ್. ಕರಿ ಕೋಟು ಹಾಕ್ಕೊಂಡು ಸಿ.ಎಸ್.ಪಿ. ಆಗಿ ಅವರು ಕೋರ್ಟಲ್ಲಿ ವಾದ ಮಾಡ್ತಿದ್ರೆ ಮನೇಲಿ ಒಗ್ಗರಣೆ ಸೀದು ಹೋಗ್ತಿತ್ತು. ಆ ಧಾರಾವಾಹಿಯ ಟೈಟಲ್ ಬರೆದವರು ಎಚ್ಚೆಸ್ವಿ, ರಾಗ ಅಶ್ವಥ್. ಪದಗಳನ್ನ ಇಲ್ಲಿ ಓದಿ ಹೇಳಲ್ಲ, ಹುಡುಕಿ ಕೇಳಿ. ನಾನು ಹೇಳಬೇಕಾದದ್ದು ಇಷ್ಟು: ಅದರಲ್ಲಿ ಕಥೆ ಇಲ್ಲ, ನಾಯಕಿಯ ವರ್ಣನೆ ಇಲ್ಲ, ಅತ್ತೆ-ಸೊಸೆ ಇಲ್ಲ. ಬಿಡುಗಡೆ ಅಂದ್ರೆ ಏನು ಅನ್ನೋ ಪ್ರಶ್ನೆ ಇದೆ. ತನ್ನಲ್ಲಿರೋದನ್ನ ಕೊಡ್ತಾ ಕೊಡ್ತಾನೇ ಜೀವ ಹಗುರಾಗೋದು ಅನ್ನೋ ಭಾವ ಇದೆ. ಧಾರಾವಾಹಿಯನ್ನ ಪಕ್ಕಕ್ಕಿಟ್ಟರೂ ಕವಿತೆಯಾಗಿ ನಿಲ್ಲುತ್ತೆ. ಜಪಾನಿನ ಅನಿಮೆ ಹಾಡುಗಳಲ್ಲೂ ಹೀಗೆ ಸರಣಿ ಮರೆತ ಮೇಲೂ ನಿಲ್ಲೋವು ಕಡಿಮೆ.

2025ರ ಮೇ 30ರಂದು ಎಚ್ಚೆಸ್ವಿ ತೀರ್ಕೊಂಡರು. ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಕವಿ, ನಾಟಕಕಾರ ಅಂತ ಟೀವಿಯಲ್ಲಿ ಬಂತು. ನಮ್ಮಮ್ಮ, "ಯಾರಪ್ಪಾ ಅವರು?" ಅಂದರು. ನಾನು 'ಮುಕ್ತ' ಟೈಟಲ್ ಗುನುಗಿದೆ. ಅಮ್ಮ ಸೌಟು ಹಿಡ್ಕೊಂಡೇ ನಿಂತು ಮುಂದಿನ ನಾಲ್ಕು ಸಾಲು ತಾವೇ ಹಾಡಿದರು, ಒಂದು ಪದ ತಪ್ಪದ ಹಾಗೆ. ಆಮೇಲೆ, "ಅದನ್ನ ಬರೆದೋರಾ? ಹೊದಿಗೆರೆಯೋರಾ? ಇಲ್ಲೇ ಪಕ್ಕದೋರಾ?" ವರ್ಷಗಟ್ಟಲೆ ರಾತ್ರಿ ರಾತ್ರಿ ಕೇಳಿದ ಹಾಡು. ಹೆಸರು ಪರದೆ ಮೇಲೆ ಬಂದಿರುತ್ತೆ, ಆದ್ರೆ ನಟರು, ಕ್ಯಾಮೆರಾ, ಸಂಕಲನ, ಇಪ್ಪತ್ತು ಹೆಸರಿನ ನಡುವೆ ಎರಡು ಸೆಕೆಂಡ್. ಅದೂ ಅವರದ್ದೇ ಹಾಡು ಓಡ್ತಿರುವಾಗ. ನಮ್ಮಲ್ಲಿ ಟೈಟಲ್ ಹಾಡಿನ ಕೆಲಸವೇ ಬೇರೆ: ಒಗ್ಗರಣೆ ಹಾಕ್ತಿರೋರನ್ನ ಟೀವಿ ಮುಂದೆ ಕರೆಯೋದು. ಗಂಟೆ ಬಾರಿಸಿದವನ ಹೆಸರು ಯಾರು ಕೇಳ್ತಾರೆ?

ಕಾನೂನು ಮಾತ್ರ ಕೇಳುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಾಡಿನ ಹಕ್ಕನ್ನ ಪೂರ್ತಿ ಮಾರಿದ ಮೇಲೂ 'ಇದನ್ನ ಬರೆದವನು ನಾನು' ಅನ್ನೋ ಹಕ್ಕು ಬರೆದವರಲ್ಲೇ ಉಳಿಯುತ್ತೆ. ದುಡ್ಡಿನ ವಿಷಯ ಬಂದದ್ದು ತಡವಾಗಿ, 2012ರ ತಿದ್ದುಪಡಿಯಲ್ಲಿ. ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಅದಕ್ಕಾಗಿ ಬಹಳ ಓಡಾಡಿದರು. ಸಿನಿಮಾಗೆ ಬರೆದ ಹಾಡು ಚಿತ್ರಮಂದಿರದ ಹೊರಗೆ, ಅಂದ್ರೆ ಟೀವಿ, ರೇಡಿಯೋ, ಮೊಬೈಲ್, ಎಲ್ಲಿ ಬಳಕೆ ಆದ್ರೂ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಪಾಲಿದೆ. ಆ ಪಾಲನ್ನ ಬರೆದುಕೊಡು ಅಂತ ಯಾರೂ ಸಹಿ ಹಾಕಿಸ್ಕೊಳ್ಳೋ ಹಾಗಿಲ್ಲ, ಕೊಟ್ಟರೆ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ. ಕಾಯ್ದೆ ಒಳ್ಳೇದೇ. ಆದ್ರೆ ಪಾಲು ಹಂಚಬೇಕಾದ್ರೆ ಮೊದಲು ಹೆಸರು ಸರಿಯಾಗಿ ಬರೆದಿರಬೇಕು. ಯೂಟ್ಯೂಬಲ್ಲಿ ಹಳೇ ಧಾರಾವಾಹಿ ಟೈಟಲ್‌ಗಳನ್ನ ಹುಡುಕಿ ನೋಡಿ. ಎಷ್ಟೋ ವಿಡಿಯೋ ಕೆಳಗೆ ಅಪ್‌ಲೋಡ್ ಮಾಡಿದವರ ಹೆಸರಿದೆ, ಬರೆದವರದ್ದಿಲ್ಲ. ಓಟಿಟಿಗೆ ಹೋದ್ರೆ ಟೈಟಲ್ ಶುರುವಾಗೋ ಮುಂಚೆಯೇ 'ಸ್ಕಿಪ್ ಇಂಟ್ರೋ' ಅಂತ ಗುಂಡಿ ಬರುತ್ತೆ.

ಕೊನೆಗೆ ಒಂದು ಲೆಕ್ಕ, ಬಿ.ಕಾಂ ಚಟ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಅಶ್ವಥ್ ಹೋದದ್ದು 2009ರ ಡಿಸೆಂಬರ್ 29ಕ್ಕೆ, ಅವರ 70ನೇ ಹುಟ್ಟುಹಬ್ಬದ ದಿನವೇ. ಹಾಗಾಗಿ 'ಮುಕ್ತ' ಟೈಟಲಿನ ರಾಗ 2069ರ ಕೊನೆಗೆ ಎಲ್ಲರದ್ದಾಗುತ್ತೆ. ಪದಗಳು ಇನ್ನೂ 16 ವರ್ಷ ಕಾಯಬೇಕು, 2085ರ ಡಿಸೆಂಬರ್ 31ರವರೆಗೆ. ಆಗ ನನಗೆ 88. ಅಲ್ಲಿವರೆಗೂ ಈ ಹಾಡನ್ನ ಯಾರು ಎಲ್ಲಿ ಬಳಸಿದ್ರೂ ಕಾಗದದ ಮೇಲೆ ಎಚ್.ಎಸ್. ವೆಂಕಟೇಶಮೂರ್ತಿ ಅಂತ ಬರೀಲೇಬೇಕು, ಆ 'ಎಚ್' ಸಮೇತ.

ಮುಂದಿನ ವಾರ ಸಿಗ್ತೀನಿ. ಕರೆಂಟ್ ಇದ್ರೆ.