ಗುರುಗಳಿಗೂ ಪಾಠ: ಉಪಗ್ರಹದಿಂದ ಅಂತರಜಾಲಕ್ಕೆ

ಪಾಠ ಹೇಳುವವರಿಗೆ ಪಾಠ ಹೇಳುವವರು ಯಾರು? ಪ್ರಾಥಮಿಕ ಶಾಲೆಯ ಮೇಷ್ಟರಿಗೆ ತರಬೇತಿ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಾಲೇಜಿನಲ್ಲಿ ಮಾತ್ರ, ಎಂ.ಎಸ್ಸಿ. ಮುಗಿಸಿದವರು ನೇರವಾಗಿ ತರಗತಿಗೆ ಕಾಲಿಡುವುದು ಬಹುಕಾಲದ ರೂಢಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಈ ಕೊರತೆ ನೀಗಿಸಲು ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿದವು. ಆದರೆ ಅಲ್ಲಿಗೆ ಹೋಗಲು ಅಧ್ಯಾಪಕರು ಕೆಲವು ವಾರ ತರಗತಿ ಬಿಡಬೇಕಾಗಿತ್ತು.

ಇದ್ದಲ್ಲಿಯೇ ತರಬೇತಿ ನೀಡಲಾಗದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಅದಕ್ಕೂ ಮೊದಲೇ, ಶಾಲೆಗಳ ಮಟ್ಟದಲ್ಲಿ ನಡೆದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಂತಹ ತಂತಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ ಉಪಗ್ರಹದ ಸಂಕೇತವನ್ನು ಹಿಡಿಯುತ್ತಿತ್ತು! ರಜಾ ದಿನಗಳಲ್ಲಿ ಎರಡು ಸುತ್ತುಗಳಾಗಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಕೇವಲ ಟಿ.ವಿ. ನೋಡಿಸಿ ಕಳುಹಿಸಲಿಲ್ಲ, ರೇಡಿಯೋ ಪಾಠ, ಮುದ್ರಿತ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗಗಳೂ ಜೊತೆಗಿದ್ದವು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪ್ರತಿ ಹಳ್ಳಿಯಲ್ಲೂ ಟಿ.ವಿ.ಯನ್ನು ಹಾಕಿ ಆರಿಸಿ ಕಾಪಾಡಲು ಒಬ್ಬ ಉಸ್ತುವಾರಿಯನ್ನು ನೇಮಿಸಲಾಗಿತ್ತು.

ಸೈಟ್‌ನಲ್ಲಿ ಚಿತ್ರ ಬರುತ್ತಿತ್ತು, ಪ್ರಶ್ನೆ ಹಿಂದಕ್ಕೆ ಹೋಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕುಳಿತ ನಮ್ಮಂಥವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು, ಕ್ಯಾಮೆರಾ ತಲೆಯಾಡಿಸುವುದಿಲ್ಲ. 1996ರ ಜನವರಿಯಲ್ಲಿ ಕರ್ನಾಟಕದ 20 ಕೇಂದ್ರಗಳಲ್ಲಿ ಕುಳಿತ ಸುಮಾರು 850 ಪ್ರಾಥಮಿಕ ಶಿಕ್ಷಕರು ಪರದೆಯಲ್ಲಿ ತಜ್ಞರನ್ನು ನೋಡುತ್ತಾ ದೂರವಾಣಿಯಲ್ಲಿ ಪ್ರಶ್ನೆ ಕೇಳಿದಾಗ ಆ ಕೊರತೆ ಸ್ವಲ್ಪ ತುಂಬಿತು. ಆಮೇಲೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳು ಉಪಗ್ರಹ ತರಗತಿಯ ಮೊದಲ ಪ್ರಯೋಗಗಳಲ್ಲಿದ್ದವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು.

ಅಂತರಜಾಲ ಬಂದ ಮೇಲೆ ಚಿತ್ರ ಬದಲಾಯಿತು. 2017ರಲ್ಲಿ 'ಸ್ವಯಂ' ವೇದಿಕೆ, 2018ರ ನವೆಂಬರಿನಲ್ಲಿ ಅದರ ಮೇಲೆ ಅಧ್ಯಾಪಕರಿಗಾಗಿ 'ಅರ್ಪಿತ್' ಕಾರ್ಯಕ್ರಮ ಆರಂಭವಾದವು. ವಿಡಿಯೋ 20 ಗಂಟೆ, ಓದು-ಅಭ್ಯಾಸ 20 ಗಂಟೆ, ಕೊನೆಗೆ ಪರೀಕ್ಷೆ. ಪಾಸಾದರೆ ಬಡ್ತಿಗೆ ಒಂದು ಪುನಶ್ಚೇತನ ಶಿಬಿರದಷ್ಟೇ ಮಾನ್ಯತೆ. ಬಡ್ತಿಯ ಆಸೆಗೆ ಕಲಿತರೂ ಕಲಿಕೆ ಕಲಿಕೆಯೇ, ಬಿಡಿ!

ಆದರೆ ಸೈಟ್ ಕಾಲದ ಆ ಉಸ್ತುವಾರಿ ನನಗೆ ನೆನಪಾಗುತ್ತಲೇ ಇರುತ್ತಾನೆ. ಇಂದು ಕಾಲೇಜಿನಲ್ಲಿ ಅವನ ಕೆಲಸ ಮಾಡುವವರು ಪ್ರಯೋಗಾಲಯದ ಸಹಾಯಕರು, ಕಚೇರಿಯ ಗುಮಾಸ್ತರು, ಗ್ರಂಥಾಲಯದ ಸಿಬ್ಬಂದಿ. 2020ರಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದಾಗ ಪ್ರವೇಶ, ಶುಲ್ಕ, ಪರೀಕ್ಷೆಯ ಅರ್ಜಿ ಎಲ್ಲವೂ ಇವರ ಕಂಪ್ಯೂಟರಿನ ಮೇಲೆ ಬಂದು ಬಿದ್ದವು. ಅರ್ಪಿತ್ ಆರಂಭಿಸುವಾಗ ಸರ್ಕಾರ ಇಟ್ಟ ಗುರಿ 15 ಲಕ್ಷ ಬೋಧಕರು. ಇವರು ಆ ಲೆಕ್ಕದಲ್ಲಿ ಇರಲಿಲ್ಲ.