ಎಡೆದೊರೆ ನಾಡಿನಲ್ಲಿ ಕಣ್ಣಿನ ದುಡಿಮೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿಗೆ ಸೇರಿದ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಗಳ ಇತಿಹಾಸವನ್ನು ಕೋಟೆ, ಕಾಲುವೆ, ಚಿನ್ನದ ಗಣಿಗಳ ಮೂಲಕ ಬರೆಯುವುದು ರೂಢಿ. ಇದೇ ನೆಲದಲ್ಲಿ ಅಕ್ಷರವನ್ನು ಕೆತ್ತುವ, ಬರೆಯುವ, ಓದುವ ಕಸುಬಿನವರು ತಮ್ಮ ಕಣ್ಣನ್ನು ಹೇಗೆ ದುಡಿಸಿದರು ಎಂಬುದಕ್ಕೂ ಒಂದು ಇತಿಹಾಸವಿದೆ. ಕಂಪ್ಯೂಟರ್ ಮತ್ತು ಮೊಬೈಲಿನ ಪರದೆಯಿಂದ ಕಣ್ಣು ಬಳಲುವುದನ್ನು ಕೇವಲ ಹೊಸ ಕಾಲದ ಪೀಡೆಯೆಂದು ಎಣಿಸುವವರು ಆ ಇತಿಹಾಸವನ್ನು ಗಮನಿಸಬೇಕು. ಏಕೆಂದರೆ ಹತ್ತಿರದ ವಸ್ತುವನ್ನು ದಿಟ್ಟಿಸುವ ಕೆಲಸ ಬಹಳ ಹಳೆಯದು, ಆ ಕೆಲಸದ ನಡುವೆ ತಾನಾಗಿ ಒದಗುತ್ತಿದ್ದ ಬಿಡುವು ಇಲ್ಲವಾದದ್ದು ಮಾತ್ರ ಹೊಸದು.

ಈ ದುಡಿಮೆಯ ಅತ್ಯಂತ ಹಳೆಯ ಸಾಕ್ಷಿ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ, ಬ್ರಾಹ್ಮಿ ಲಿಪಿಯ ಪ್ರಾಕೃತ ಭಾಷೆಯ ಈ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದಾಗ, ಅಲ್ಲಿಯವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಧರ್ಮಶಾಸನಗಳಲ್ಲಿ ಕಾಣುತ್ತಿದ್ದ ಅರಸನು ಅಶೋಕನೇ ಎಂಬುದು ಖಚಿತವಾಯಿತು. ಸವೆದ ಕಲ್ಲಿನ ಮೇಲೆ ನಡುಹಗಲಿನ ಬಿಸಿಲು ನೇರವಾಗಿ ಬಿದ್ದರೆ ಗೆರೆಗಳು ಮಸುಕಾಗುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆಯ ಅಂಚಿಗೆ ನೆರಳು ಕೂಡಿ ಅಕ್ಷರ ಎದ್ದು ಕಾಣುತ್ತದೆ. ಇಷ್ಟಾದರೂ ಕಣ್ಣೊಂದನ್ನೇ ನಂಬಲಾಗದೆ ಶಾಸನತಜ್ಞರು ಪಡಿಯಚ್ಚು ತೆಗೆಯುತ್ತಾರೆ: ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಯೊಳಗೆ ಇಳಿಯುವಂತೆ ಗಡುಸಾದ ಬ್ರಷ್ಷಿನಿಂದ ಬಡಿದು, ಮಸಿ ಮೆತ್ತಿದ ಬಟ್ಟೆಯುಂಡೆಯನ್ನು ಮೇಲೆ ಒತ್ತುತ್ತ ಹೋದರೆ ಹಿನ್ನೆಲೆಯೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬಿಳಿದಾಗಿ ಉಳಿಯುತ್ತದೆ.

ಕಪ್ಪಿನ ಮೇಲೆ ಬಿಳಿಯ ಬರಹ ಕನ್ನಡ ನಾಡಿನ ಲೆಕ್ಕದವರಿಗೂ ಬಳಕೆಯದೇ ಆಗಿತ್ತು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿ ಮಡಿಸಿದ ಕಡತದ ಮೇಲೆ ಬಳಪದ ಕಡ್ಡಿಯಿಂದ ಲೆಕ್ಕ ಬರೆಯಲಾಗುತ್ತಿತ್ತು. ಇಂದಿನ ಮೊಬೈಲಿನ ಡಾರ್ಕ್ ಮೋಡ್ ಅದನ್ನು ಹೋಲುತ್ತದಾದರೂ ಕಡತಕ್ಕೆ ಸ್ವಂತ ಬೆಳಕಿರಲಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರವಂತೂ ಕಾಡಿಗೆ ಸವರುವವರೆಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಇಂಥ ಓದಿಗೆ ನೆರವಾದ ಕನ್ನಡಕದ ಬಗ್ಗೆ ಭಾರತದಲ್ಲಿ ದೊರೆತ ಬಹು ಹಳೆಯ ಉಲ್ಲೇಖಗಳಲ್ಲಿ ಒಂದು, ವಿಜಯನಗರದ ರಾಜಗುರು ವ್ಯಾಸರಾಯರನ್ನು ಕುರಿತ ಸೋಮನಾಥ ಕವಿಯ ವ್ಯಾಸಯೋಗಿಚರಿತದಲ್ಲಿದೆ. ವಿದ್ವಾಂಸ ಪಿ. ಕೆ. ಗೋಡೆ ಈ ಉಲ್ಲೇಖವನ್ನು ಸುಮಾರು 1520ರದೆಂದು ಗುರುತಿಸಿದರು. ಕೃಷ್ಣದೇವರಾಯ ಮತ್ತು ವಿಜಾಪುರದ ಆದಿಲಶಾಹಿ ಸುಲ್ತಾನರ ನಡುವೆ ಇದೇ ಎಡೆದೊರೆ ನಾಡಿಗಾಗಿ ರಾಯಚೂರಿನಲ್ಲಿ ಕಾಳಗ ನಡೆದದ್ದೂ ಆ ವರ್ಷವೇ.

ನಿಜಾಮರ ಆಳ್ವಿಕೆಯಲ್ಲಿ 1905ರವರೆಗೆ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು, ಆದ್ದರಿಂದ ಕಚೇರಿಯ ಬರವಣಿಗೆ ಅಲ್ಲಿ ದೊಡ್ಡ ಉದ್ಯೋಗವೇ ಆಗಿತ್ತು. ಹಳ್ಳಿಯ ಜಮೀನಿನ ಲೆಕ್ಕವಿಡುವ ಪಟವಾರಿ ರುಮಾಲಿನಲ್ಲಿ ಕಟ್ಟಿದ ದಫ್ತರವನ್ನು ಬಿಚ್ಚಬೇಕಿತ್ತು, ಲೇಖನಿಯನ್ನು ಮಸಿಯಲ್ಲಿ ಅದ್ದಬೇಕಿತ್ತು, ಬರೆದದ್ದು ಒಣಗುವವರೆಗೆ ಕಾಯಬೇಕಿತ್ತು, ಬೆಳೆ ನೋಡಲು ಹೊಲಕ್ಕೆ ನಡೆಯಬೇಕಿತ್ತು. ಕಂದೀಲಿನ ಮಂದ ಬೆಳಕು ಕಣ್ಣಿಗೆ ಹಿತವಾಗಿತ್ತೆಂದು ಹೇಳುವಂತಿಲ್ಲ. ಆದರೂ ಈ ಒಂದೊಂದು ಅಡಚಣೆಯೂ ಕಣ್ಣಿಗೆ ವಿರಾಮವಾಗುತ್ತಿತ್ತು. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜೀನಿ 1700ರಲ್ಲಿ ಪ್ರಕಟಿಸಿದ ಕಸುಬುಗಳ ರೋಗಗಳ ಗ್ರಂಥದಲ್ಲಿ, ಸೂಕ್ಷ್ಮ ಕೆಲಸ ಮಾಡುವವರು ಆಗಾಗ ಕಣ್ಣನ್ನು ಬೇರೆಡೆ ತಿರುಗಿಸಬೇಕೆಂದು ಬೋಧಿಸಿದ್ದನ್ನು ಪಟವಾರಿಯ ದಿನಚರಿ ಅರಿಯದೆಯೇ ಪಾಲಿಸುತ್ತಿತ್ತು.

ಸುಮಾರು 2000ದಲ್ಲಿ ಆರಂಭವಾದ ಕರ್ನಾಟಕದ ಭೂಮಿ ಯೋಜನೆ ಈ ದಿನಚರಿಯನ್ನು ಬದಲಿಸಿತು. 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿ, 2002ರ ಹೊತ್ತಿಗೆ ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ರೈತರಿಗೆ ಇದರಿಂದ ಆದ ಅನುಕೂಲ ದೊಡ್ಡದು, ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಸಿಂಧನೂರಿನಂಥ ತಾಲ್ಲೂಕಿನಲ್ಲಿ ಕಚೇರಿಯ ಸಿಬ್ಬಂದಿಯ ನೋಟ ದಿನವಿಡೀ ಒಂದೇ ದೂರದಲ್ಲಿ ನೆಟ್ಟು ನಿಂತಿತು. ಹತ್ತಿರ ನೋಡುವಾಗ ಕಣ್ಣಿನೊಳಗಿನ ಸಿಲಿಯರಿ ಸ್ನಾಯು, ಅಂದರೆ ಮಸೂರದ ಆಕಾರವನ್ನು ಬದಲಿಸುವ ಸ್ನಾಯು, ಬಿಗಿದುಕೊಂಡಿರುತ್ತದೆ, ದೂರ ನೋಡಿದಾಗ ಸಡಿಲಗೊಳ್ಳುತ್ತದೆ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗಿ ಕಣ್ಣಿನ ಮೇಲಿನ ತೆಳುವಾದ ಕಣ್ಣೀರಿನ ಪದರ ಆರಿಹೋಗುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯ ಒಣಗಾಳಿಯಲ್ಲಿ, ಮುಖಕ್ಕೇ ಬೀಸುವ ಫ್ಯಾನಿನ ಕೆಳಗೆ, ಉರಿ ಇಮ್ಮಡಿಯಾಗುವುದು ಸಹಜ.

ವೈದ್ಯರು ಈಗ ಹೇಳುವ 20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡು ನೋಡುವ ಪದ್ಧತಿ, ಪಟವಾರಿಗೆ ಕೆಲಸವೇ ಕೊಡುತ್ತಿದ್ದ ಬಿಡುವನ್ನು ಗಡಿಯಾರದಿಂದ ಮರಳಿ ಪಡೆಯುವ ಯತ್ನ. ಪರದೆ ತೋಳಿನಳತೆಯ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು; ಮಸ್ಕಿಯ ಬಂಡೆಗೆ ಒದಗುವ ಓರೆ ಬಿಸಿಲಿನಂತೆ ಕಿಟಕಿಯ ಬೆಳಕೂ ಪಕ್ಕದಿಂದ ಬರಬೇಕು. ನೀಲಿ ಬೆಳಕು ತಡೆಯುವ ಕನ್ನಡಕಗಳಿಗೆ ಜನ ಸುರಿಯುವ ಹಣಕ್ಕೆ ಹೆಚ್ಚಿನ ಆಧಾರವಿಲ್ಲ, ಏಕೆಂದರೆ 2023ರ ಕಾಕ್ರೇನ್ ಪರಾಮರ್ಶೆ, ಅಂದರೆ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಾಗಿ ಅಳೆಯುವ ಅಧ್ಯಯನ, ಅವುಗಳಿಂದ ಕಣ್ಣಿನ ಆಯಾಸ ತಗ್ಗಿದ ಸ್ಪಷ್ಟ ಸಾಕ್ಷ್ಯವನ್ನು ಕಾಣಲಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವಿಡುವುದು ತಂಪಿಗಷ್ಟೇ ಸರಿ, ಅದರ ರಸವನ್ನು ಕಣ್ಣಿಗೆ ಹಿಂಡುವುದು ಅಪಾಯ. ಪರದೆಯ ಮೇಲೆ ಹೊರಿಸುವ ತಲೆನೋವು ಎಷ್ಟೋ ಸಲ ಪರೀಕ್ಷೆಯಾಗದೆ ಉಳಿದ ದೃಷ್ಟಿದೋಷದ್ದಾಗಿರುತ್ತದೆ. ಪಹಣಿ ತಿದ್ದುವ ನಲವತ್ತು ದಾಟಿದ ನೌಕರನಿಗೆ ಬೇಕಾದದ್ದು, ವ್ಯಾಸರಾಯರಿಗೆ ಬೇಕಾಗಿದ್ದಂತೆಯೇ, ಸರಿಯಾದ ನಂಬರಿನ ಚಾಳೀಸು.