ಮೇಚೇರಿ ಕುರಿ: ಮನೆಯ ಹಿಂಡಿನಲ್ಲಿ ತೂಕ ಮತ್ತು ಆರೋಗ್ಯದ ನಿಗಾ

ಮೇಚೇರಿ ಕುರಿ ತಮಿಳುನಾಡಿನ ವಾಯವ್ಯ ಭಾಗದ ಮಾಂಸದ ತಳಿ. ಸೇಲಂ ಜಿಲ್ಲೆಯಲ್ಲಿ ಮೆಟ್ಟೂರು ಜಲಾಶಯಕ್ಕೆ ಹತ್ತಿರವಿರುವ ಮೇಚೇರಿ ಪಟ್ಟಣದಿಂದ ಅದಕ್ಕೆ ಈ ಹೆಸರು ಬಂದಿದೆ. ಸೇಲಂ, ಈರೋಡು, ಕರೂರು, ನಾಮಕ್ಕಲ್ ಜಿಲ್ಲೆಗಳಲ್ಲೂ ಧರ್ಮಪುರಿಯ ಕೆಲವು ಭಾಗಗಳಲ್ಲೂ ಈ ತಳಿ ಹರಡಿದೆ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯೊಳಗೇ ಇತ್ತು. ಕನ್ನಡ ಮನೆಮಾತಿನ ಕುಟುಂಬಗಳೂ ನೆಲೆಸಿರುವ ಸೀಮೆಯಿದು. ಈ ಲೇಖನ ಮುಖ್ಯವಾಗಿ ಮನೆಯ ಸಣ್ಣ ಹಿಂಡನ್ನು ಕುರಿತದ್ದು: ತಕ್ಕಡಿ, ಟೇಪು, ಕೈಬೆರಳು, ಕಣ್ಣು, ಇಷ್ಟರಿಂದಲೇ ಕುರಿಯ ಆರೋಗ್ಯವನ್ನು ಎಷ್ಟರ ಮಟ್ಟಿಗೆ ಅರಿಯಬಹುದು ಎಂಬುದು ಇದರ ವಿಷಯ.

ತಳಿ

ಮೈಬಣ್ಣ ತಿಳಿಗಂದು. ಮೈಮೇಲೆ ಉಣ್ಣೆಯಿಲ್ಲ, ಗಿಡ್ಡ ಕೂದಲು ಮಾತ್ರ. ಟಗರಿಗಾಗಲಿ ಹೆಣ್ಣುಕುರಿಗಾಗಲಿ ಕೊಂಬಿರುವುದಿಲ್ಲ. ಬಾಲ ಗಿಡ್ಡ, ತೆಳು. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ, ಅವಳಿ ಅಪರೂಪ. ಈ ಕುರಿಯ ಚರ್ಮಕ್ಕೆ ಚರ್ಮೋದ್ಯಮದಲ್ಲಿ ಒಳ್ಳೆಯ ಹೆಸರಿದೆ. ಮೇಚೇರಿಗೆ ಸಮೀಪದ ಪೊಟ್ಟನೇರಿಯಲ್ಲಿ 1978ರಲ್ಲಿ ಆರಂಭವಾದ ಮೇಚೇರಿ ಕುರಿ ಸಂಶೋಧನಾ ಕೇಂದ್ರ ಈಗ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ತಳಿಯ ಬೆಳವಣಿಗೆಯ ಬಗ್ಗೆ ಇಂದು ದೊರೆಯುವ ಅಂಕಿಗಳಲ್ಲಿ ಬಹುಪಾಲು ಅಲ್ಲಿನ ಹಿಂಡಿನವು.

ತೂಕ

ಹುಟ್ಟಿದ ಮರಿ ಸಾಮಾನ್ಯವಾಗಿ 2ರಿಂದ 2.5 ಕೆ.ಜಿ. ತೂಗುತ್ತದೆ. ಮೂರು ತಿಂಗಳಿಗೆ ಹಾಲು ಬಿಡಿಸುವ ಹೊತ್ತಿಗೆ ತೂಕ 9 ಕೆ.ಜಿ.ಯ ಆಸುಪಾಸಿಗೆ ಬಂದಿರುತ್ತದೆ. ಹಳೆಯ ತಳಿ ಸಮೀಕ್ಷೆಗಳು ಬೆಳೆದ ಟಗರಿಗೆ ಸುಮಾರು 35, ಹೆಣ್ಣುಕುರಿಗೆ 22ರಿಂದ 25 ಕೆ.ಜಿ. ಎನ್ನುತ್ತವೆ. ಚೆನ್ನಾಗಿ ಮೇಯಿಸಿದ ಕುರಿಗಳು ಇದನ್ನು ಮೀರುವುದುಂಟು. ಕೇಂದ್ರದ ಹಿಂಡಿಗೆ ಸಿಗುವ ಮೇವು, ಔಷಧ, ಆರೈಕೆ ಮನೆಯ ಹಿಂಡಿಗೆ ಸಿಗುವಂಥದ್ದಲ್ಲ. ಹಾಗಾಗಿ ತಳಿಯ ಸರಾಸರಿಯೊಡನೆ ಹೋಲಿಸಿ ತನ್ನ ಕುರಿ ಕಡಿಮೆಯೆಂದು ಕೊರಗುವುದಕ್ಕಿಂತ, ಅದೇ ಕುರಿಯ ಹೋದ ತಿಂಗಳ ತೂಕದೊಡನೆ ಹೋಲಿಸುವುದು ಹೆಚ್ಚು ಉಪಯುಕ್ತ.

ಮರಿಯನ್ನು ತೂಗುವುದು ಸುಲಭ. ಗೋಣಿಚೀಲಕ್ಕೆ ನಾಲ್ಕು ಕಾಲು ಹೊರಬರುವಂತೆ ತೂತು ಮಾಡಿ, ಅದರಲ್ಲಿ ಮರಿಯನ್ನಿರಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಸಾಕು. ತಕ್ಕಡಿ 100 ಗ್ರಾಂ ವ್ಯತ್ಯಾಸವನ್ನು ತೋರಿಸುವಂತಿರಬೇಕು. ಮೇಲಿನ ಅಂಕಿಗಳ ಪ್ರಕಾರ ಮರಿ ದಿನಕ್ಕೆ ಸರಾಸರಿ 75 ಗ್ರಾಂ, ವಾರಕ್ಕೆ ಅರ್ಧ ಕೆ.ಜಿ.ಯಷ್ಟು ಬೆಳೆಯುತ್ತದೆ. ಅರ್ಧ ಕೆ.ಜಿ. ಗೆರೆಗಳ ತಕ್ಕಡಿಯಲ್ಲಿ ಒಂದು ವಾರ ಹಾಲು ಸಾಲದೆ ಹೋದದ್ದು ಕಾಣಿಸುವುದೇ ಇಲ್ಲ. ಮರಿಯನ್ನು ವಾರಕ್ಕೊಮ್ಮೆ, ಬೆಳೆದ ಕುರಿಯನ್ನು ತಿಂಗಳಿಗೊಮ್ಮೆ ತೂಗಿದರೆ ಸಾಕಾಗುತ್ತದೆ. ಎರಡನ್ನೂ ಬೆಳಿಗ್ಗೆ ಮೇಯಲು ಬಿಡುವ ಮೊದಲೇ ತೂಗಬೇಕು. ಮೇದು ನೀರು ಕುಡಿದು ಬಂದ ಕುರಿಯ ಹೊಟ್ಟೆಯಲ್ಲಿರುವ ಮೇವು ಮತ್ತು ನೀರಿನ ಭಾರವೇ ಮೈತೂಕದ ಹತ್ತನೇ ಒಂದು ಪಾಲನ್ನು ದಾಟಬಹುದು.

ಬೆಳೆದ ಕುರಿಗೆ ತಕ್ಕಡಿ ಸಿಗದಿದ್ದಾಗ ಟೇಪು ಬಳಕೆಗೆ ಬರುತ್ತದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,838ರಿಂದ ಭಾಗಿಸಿದರೆ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಶೇಫರ್ ಸೂತ್ರವೆಂದು ಹೆಸರಾದ ಇದರ ಮೂಲರೂಪ ಅಂಗುಲ ಮತ್ತು ಪೌಂಡುಗಳಲ್ಲಿದೆ. ಅಲ್ಲಿ ಭಾಜಕ 300. ಸುತ್ತಳತೆ 70, ಉದ್ದ 60 ಸೆಂ.ಮೀ. ಇರುವ ಹೆಣ್ಣುಕುರಿಗೆ 27.1 ಕೆ.ಜಿ. ಬರುತ್ತದೆ.

ಈ ಲೆಕ್ಕದಲ್ಲಿ ಎರಡು ತೊಡಕುಗಳಿವೆ. ಸುತ್ತಳತೆ ಎರಡು ಸಲ ಗುಣಾಕಾರಕ್ಕೆ ಬರುವುದರಿಂದ ಅದರಲ್ಲಾಗುವ ತಪ್ಪು ಹಿಗ್ಗುತ್ತದೆ. ಟೇಪು ಸಡಿಲವಾಗಿ 70ರ ಬದಲು 72 ತೋರಿಸಿದರೆ ತೂಕ 28.7ಕ್ಕೆ ಏರಿ, ಇಲ್ಲದ ಒಂದೂವರೆ ಕೆ.ಜಿ. ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿಸಲವೂ ಅಳೆಯುವ ಕೈ ಒಂದೇ ಆಗಿದ್ದರೆ ಒಳ್ಳೆಯದು; ಕುರಿ ತಲೆಯೆತ್ತಿ, ನಾಲ್ಕು ಕಾಲಿನ ಮೇಲೂ ಸಮನಾಗಿ ನಿಂತಿರಬೇಕು. ಎರಡನೆಯ ತೊಡಕು, ಈ ಸೂತ್ರ ಮೇಚೇರಿ ತಳಿಗೆಂದು ಮಾಡಿದ್ದಲ್ಲ ಎಂಬುದು. ಮಳವಳ್ಳಿ ಕಡೆಯ ಬಂಡೂರು ಕುರಿಯಂಥ ಕುಳ್ಳು, ತುಂಬುಮೈಯ ತಳಿಗೂ ಕಾಲುದ್ದದ ಮೇಚೇರಿಗೂ ಒಂದೇ ಭಾಜಕ ಹೊಂದುತ್ತದೆಂದು ನಂಬಬೇಕಾಗಿಲ್ಲ. ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ಒಮ್ಮೆ ತಕ್ಕಡಿ ಸಿಕ್ಕಾಗ ಕೆಲವು ಕುರಿಗಳನ್ನು ತೂಗಿ, ಟೇಪಿನಿಂದಲೂ ಅಳೆದು, ಗುಣಲಬ್ಧವನ್ನು ನಿಜವಾದ ತೂಕದಿಂದ ಭಾಗಿಸಬೇಕು. ಮೇಲಿನ ಕುರಿ ತಕ್ಕಡಿಯಲ್ಲಿ 25 ಕೆ.ಜಿ. ತೂಗಿದರೆ ಅದರ ಭಾಜಕ 11,760. ಹೀಗೆ ಬಂದ ಸಂಖ್ಯೆಗಳ ಸರಾಸರಿಯೇ ಆ ಹಿಂಡಿನ ಸ್ವಂತ ಭಾಜಕ. ಜಂತುಹುಳದ ಔಷಧದ ಪ್ರಮಾಣ ತೂಕವನ್ನೇ ಅವಲಂಬಿಸಿರುವುದರಿಂದ ಈ ಶ್ರಮ ವ್ಯರ್ಥವಲ್ಲ. ತೂಕವನ್ನು ಕಡಿಮೆ ಅಂದಾಜು ಮಾಡಿ ಅರೆಬರೆ ಔಷಧ ಕುಡಿಸಿದರೆ ಹುಳುಗಳು ಅದನ್ನು ತಾಳಿಕೊಳ್ಳುವ ಶಕ್ತಿ ಪಡೆಯುತ್ತವೆ.

ಬೆನ್ನಿನ ಪರೀಕ್ಷೆ

ಗಬ್ಬದ ಕುರಿಯಲ್ಲಿ ತೂಕವೊಂದನ್ನೇ ನೋಡುವುದು ಅಪಾಯ. ಸುಮಾರು 150 ದಿನಗಳ ಗಬ್ಬದ ಕೊನೆಯ ಆರು ವಾರಗಳಲ್ಲಿ ಮರಿ ಬಿರುಸಾಗಿ ಬೆಳೆಯುತ್ತದೆ. ತಕ್ಕಡಿಯ ಮುಳ್ಳು ಮೇಲೇರುತ್ತಿರುವಾಗಲೇ ತಾಯಿಯ ಮೈಕೊಬ್ಬು ಕರಗುತ್ತಿರಬಹುದು. ಇದನ್ನು ಪತ್ತೆಮಾಡುವುದು ಕೈಬೆರಳು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈಯಿಟ್ಟು ಬೆನ್ನುಮೂಳೆಯ ಏಣನ್ನು ಒತ್ತಿ ನೋಡಬೇಕು. ಆಮೇಲೆ ಅಡ್ಡಮೂಳೆಗಳ ತುದಿಯ ಕೆಳಗೆ ಬೆರಳು ತೂರಿಸಬೇಕು. ಏಣು ಚೂಪಾಗಿ ತಾಗಿ, ಬೆರಳು ಸಲೀಸಾಗಿ ಒಳಗೆ ಹೋದರೆ ಅಂಕ 1. ಏಣು ದುಂಡಗಿದ್ದು, ಗಟ್ಟಿಯಾಗಿ ಒತ್ತಿದರೆ ಮಾತ್ರ ತುದಿಗಳು ಸಿಕ್ಕಿದರೆ 3. ಕೊಬ್ಬಿನಡಿ ಮೂಳೆಯೇ ಸಿಗದಿದ್ದರೆ 5. ಈ ಪದ್ಧತಿಯನ್ನು 1961ರಲ್ಲಿ ಆಸ್ಟ್ರೇಲಿಯಾದ ಜೆಫ್ರೀಸ್ ವಿವರಿಸಿದರು. 1969ರಲ್ಲಿ ಸ್ಕಾಟ್ಲೆಂಡಿನ ರಸೆಲ್, ಡೋನಿ ಮತ್ತು ಗನ್ ಅದನ್ನು ಪರಿಷ್ಕರಿಸಿದರು. ಇವರೆಲ್ಲರೂ ಉಣ್ಣೆಯ ಕುರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು. ದಖನಿ ಕುರಿಯಲ್ಲಿ ಉಣ್ಣೆ ಬಡಕಲುತನವನ್ನು ಮುಚ್ಚುತ್ತದೆ, ಮೇಚೇರಿಯಲ್ಲಿ ಆ ಮರೆಯಿಲ್ಲ. ಹಾಗೆಂದು ಕಣ್ಣಂದಾಜಿಗೇ ನಿಲ್ಲಬಾರದು: ಮೇವು ತುಂಬಿ ಉಬ್ಬಿದ ಹೊಟ್ಟೆ ಬಡಕಲು ಕುರಿಯನ್ನೂ ದಷ್ಟಪುಷ್ಟವಾಗಿ ತೋರಿಸುತ್ತದೆ.

ಕಣ್ಣಿನ ರೆಪ್ಪೆ

ಜಠರದಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹೆಮೋಂಕಸ್ ಹುಳು ಬೆಚ್ಚನೆಯ ಮಳೆನಾಡುಗಳಂತೆ ಈ ಒಣಸೀಮೆಯಲ್ಲೂ ಮಳೆಗಾಲದಲ್ಲಿ ಕಾಡುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ಭೇದಿಯಾಗದಿರುವುದರಿಂದ ಮನೆಯವರಿಗೆ ಸುಳಿವೇ ಸಿಗದು. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಪಟ್ಟಿ ಈ ರಕ್ತನಷ್ಟವನ್ನು ರೆಪ್ಪೆಯ ಬಣ್ಣದಿಂದ ಗುರುತಿಸಲೆಂದೇ ಇದೆ. ಮೇಲಿನ ರೆಪ್ಪೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಕೆಳರೆಪ್ಪೆಯನ್ನು ಇಳಿಸಿದರೆ ಒಳಪೊರೆ ಹೊರಚಾಚುತ್ತದೆ. ಅದರ ಬಣ್ಣವನ್ನು ಹಗಲು ಬೆಳಕಿನಲ್ಲಿ ಪಟ್ಟಿಯ ಐದು ಬಣ್ಣಗಳೊಡನೆ ಹೋಲಿಸಬೇಕು. ಕೆಂಪು 1, ಕಾಗದದಂತೆ ಬಿಳಿಚಿದ್ದು 5. ಗದ್ದದ ಕೆಳಗೆ ನೀರು ತುಂಬಿ ಊದಿಕೊಂಡಿದ್ದರೆ ರಕ್ತಹೀನತೆ ಮುಂದುವರಿದಿದೆ ಎಂದರ್ಥ. ಉಣುಗು, ಯಕೃತ್ತಿನ ಚಪ್ಪಟೆಹುಳುಗಳಿಂದಲೂ ರೆಪ್ಪೆ ಬಿಳಿಚುವುದರಿಂದ ಪಟ್ಟಿ ಕಾರಣವನ್ನು ಖಚಿತವಾಗಿ ಹೇಳುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಇತರ ಲಕ್ಷಣಗಳು

ಆರೋಗ್ಯವಂತ ಕುರಿಯ ಮೈಬಿಸಿ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರಿಗೆ ಜ್ವರವೆನಿಸುವ ಅಂಕಿ ಕುರಿಗೆ ಸಹಜ. ಮೆಲುಕು ನಿಲ್ಲಿಸಿ ಹಿಂಡಿನಿಂದ ದೂರ ನಿಂತ ಕುರಿಯ ಬಿಸಿಯನ್ನು ಮೊದಲು ನೋಡಬೇಕು. ಜ್ವರದೊಡನೆ ಮೂಗು-ಕಣ್ಣು ಸೋರಿಕೆ, ಬಾಯಿಹುಣ್ಣು, ಭೇದಿ ಇದ್ದರೆ ಪಿಪಿಆರ್ ಎಂಬ ವೈರಸ್ ರೋಗವನ್ನು ಶಂಕಿಸಬೇಕು. ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದು 1987ರಲ್ಲಿ, ತಮಿಳುನಾಡಿನದೇ ಅರಸೂರಿನಲ್ಲಿ. ಅಲ್ಲಿಂದ ಪಡೆದ ವೈರಸ್‌ನಿಂದ ಮುಂದೆ ಲಸಿಕೆಯೂ ತಯಾರಾಯಿತು. ತುಟಿ, ಮುಖ ಊದಿ ಕುರಿ ಕುಂಟಿದರೆ ನೀಲಿನಾಲಿಗೆ ರೋಗವಿರಬಹುದು. ಅದು ಸಣ್ಣ ನೊಣಗಳ ಮೂಲಕ ಹರಡುತ್ತದೆ; ಈಶಾನ್ಯ ಮಾರುತದ ಮಳೆಗಾಲದಲ್ಲಿ ಹೆಚ್ಚು. ಇವುಗಳಿಗೆ ಮನೆಮದ್ದಿಲ್ಲ. ಅಂಥ ಕುರಿಯನ್ನು ಬೇರೆ ಕಟ್ಟಿ, ಅದರ ತಿಂಗಳ ತೂಕ, ಬೆನ್ನಿನ ಅಂಕ, ರೆಪ್ಪೆಯ ಅಂಕ ಬರೆದಿಟ್ಟ ಪುಸ್ತಕದೊಡನೆ ಅಂದೇ ಪಶುವೈದ್ಯರನ್ನು ಕಾಣಬೇಕು.